ನಮ್ಮದೆನ್ನದ ದಂಡೆ

ಬಡಗುಪಟ್ಣದ ಮರಳಿನ ಮೇಲೆ ನಿಂತು ‘ನನ್ನದು’ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಮನೆಯೊಳಗೆ ಆಡಬಹುದು: ನನ್ನ ತಟ್ಟೆ, ನನ್ನ ಚಾಪೆ, ನನ್ನ ಹಣೆಬರಹ. ದೋಣಿಯೊಳಗೆ ನಿಂತೂ ಆಡಬಹುದು, ದೋಣಿಗೆ ಮರ ಕೊಟ್ಟವರಿದ್ದಾರೆ, ಹಲಗೆ ಹೊಲಿದವರಿದ್ದಾರೆ. ಆದರೆ ಬಂದರಿನಿಂದ ಬಡಗಕ್ಕೆ, ತೆಂಗಿನ ತೋಟಗಳ ಬೇಲಿ ಮುಗಿದಲ್ಲಿಂದ ನೊರೆ ಮುಟ್ಟುವ ತನಕದ ಆ ದಂಡೆ ಬೊಬ್ಬರ್ಯನದ್ದು. ಕಡಲಲ್ಲಿ ದಿಕ್ಕು ತಪ್ಪಿದವರನ್ನು ದಡ ಮುಟ್ಟಿಸುವ ದೈವ ಅದು. ದಂಡೆಯ ನಡುವೆ, ಗಾಳಿಗೆ ಬೆನ್ನು ಬಾಗಿದ ಒಂದು ಹೊನ್ನೆಮರದ ಬುಡದಲ್ಲಿ ಅವನ ಕಟ್ಟೆ. ಮಗು ಚಿಪ್ಪು ಹೆಕ್ಕಿ ‘ನಂದು’ ಅಂದರೆ ತಾಯಿ ಅದರ ತುಟಿಗೆ ಮೆಲ್ಲನೆ ಬಡಿದು, ‘ಬೊಬ್ಬರ್ಯಂದು ಅನ್ನು, ಮತ್ತೆ ಮನೆಗೆ ತಾ’ ಎಂದು ಕಲಿಸುತ್ತಿದ್ದಳು. ಹೊಸ ದೋಣಿ ಎಳೆದಿಡುವವನು ಕಟ್ಟೆಗೆ ತೆಂಗಿನಕಾಯಿ ಇಟ್ಟು, ‘ಸ್ವಾಮಿ, ಇದಕ್ಕೊಂದು ಜಾಗ ಬಿಟ್ಟುಕೊಡು’ ಎಂದು ಕೇಳಿಯೇ ಇಡಬೇಕು. ಊರಲ್ಲಿ ಜಗಳವಿರಲಿಲ್ಲವೆಂದಲ್ಲ. ಮೀನಿಗೆ ಆಗುತ್ತಿತ್ತು, ಬಲೆಯ ಪಾಲಿಗೆ ಆಗುತ್ತಿತ್ತು, ಹೆಣ್ಣಿನ ವಿಷಯಕ್ಕೂ ಆಗುತ್ತಿತ್ತು. ಜಾಗಕ್ಕೆ ಆಗುತ್ತಿರಲಿಲ್ಲ. ಇನ್ನೊಬ್ಬರ ಅಂಗಳದಲ್ಲಿ ನಿಂತು ನೆಂಟರು ಅಂಗಳಕ್ಕಾಗಿ ಹೊಡೆದಾಡುವುದುಂಟೆ?

ಗಿರಿಯಪ್ಪ ಆ ಊರಿನ ಗುರಿಕಾರ. ಊರಿನ ಮಾತು ಅವನ ಬಾಯಿಂದ ಹೊರಗೆ ಹೋಗಬೇಕು, ಹೊರಗಿನ ಮಾತು ಅವನ ಕಿವಿಯಿಂದ ಒಳಗೆ ಬರಬೇಕು. ಅಳಿಯಕಟ್ಟಿನ ಮನೆ, ಸೋದರಮಾವನಿಂದ ಅವನಿಗೆ ಬಂದ ಪಟ್ಟ, ಅವನ ನಂತರ ತಂಗಿ ಅಕ್ಕುವಿನ ಮಗ ಲೋಕನಾಥನಿಗೆ. ಹೆಂಡತಿ ತೀರಿದ ಮೇಲೆ ಗಿರಿಯಪ್ಪ ತಂಗಿಯ ಮನೆಯ ಜಗಲಿಯಲ್ಲೇ ಇದ್ದ. ಸಂಜೆ ಭಜನಾ ಮಂದಿರದಲ್ಲಿ ಪುರಾಣ ಓದುವಾಗ ಕಂಬಕ್ಕೊರಗಿ ಕೂರುತ್ತಿದ್ದ. ಅಕ್ಷರ ಬಾರದು, ಆದರೆ ಕೇಳಿ ಕೇಳಿ ಪದ್ಯಗಳು ಬಾಯಿಗೆ ಬಂದಿದ್ದವು. ಕೊಟ್ಟ ಮಾತಿಗಾಗಿ ಅರಸನೊಬ್ಬ ರಾಜ್ಯ ಬಿಟ್ಟು ಹೊರಡುವ ಕಡೆ ಬಂದರೆ ಹೆಗಲ ಬೈರಾಸಿನಿಂದ ಕಣ್ಣೊರಸಿಕೊಳ್ಳುತ್ತಿದ್ದ.

‘ಅವರಿಗೆ ಬಿಡಲಿಕ್ಕೆ ರಾಜ್ಯ ಇತ್ತು’ ಎಂದು ಅಕ್ಕು ಕೆಣಕುತ್ತಿದ್ದಳು. ‘ನಿನಗೆ ಬಿಡಲಿಕ್ಕೆ ಎಂತ ಉಂಟು, ಆ ಹರಕು ಬೈರಾಸು?’

ಮೂವತ್ತಾರನೆಯ ಇಸವಿಯ ಮಳೆ ಹಿಂದೆಗೆದ ಮೇಲೆ, ಅಹ್ಮದ್ ಬಾವನ ಅಂಗಡಿಯ ಗೋಡೆಗೆ ಸರಕಾರದ ಒಂದು ನೋಟೀಸು ಹತ್ತಿತು. ಬಾವನದ್ದು ಹಗ್ಗ, ಡಾಮರು, ಉಪ್ಪಿನ ಅಂಗಡಿ. ಊರಿನ ದೋಣಿಗಳಿಗೆಲ್ಲ ಅವನೇ ಸಾಮಾನು ಕೊಡುವವನು.

‘ಗುರಿಕಾರ್ರೆ, ನಿಮ್ಮ ದೈವದ ಅಂಗಳಕ್ಕೆ ಒಕ್ಕಲು ಬರ್ತದಂತೆ’ ಎಂದ ಬಾವ.

‘ಎಂತ ಹೇಳ್ತೀರಿ ಸಾಹೇಬ್ರೆ?’

‘ನಾನು ಹೇಳುವುದಲ್ಲ, ಗೋಡೆ ಹೇಳ್ತದೆ. ನಿಮ್ಮ ಮಾಸ್ಟ್ರನ್ನು ಕರೆಯಿರಿ, ಸರಿಯಾಗಿ ಓದ್ಲಿ.’

ಮಾಸ್ಟ್ರೆಂದರೆ ಲೋಕನಾಥ. ಮಣ್ಣಗುಡ್ಡದ ಕಡೆ ಸಣ್ಣ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ, ಆ ಊರಲ್ಲಿ ಅಂಗಿಗೆ ಗುಂಡಿ ಹಾಕಿ ನಡೆಯುತ್ತಿದ್ದ ಮೊದಲ ಗಂಡಸು. ಅವನು ಓದಿ ಅರ್ಥ ಹೇಳಿದ: ಬಡಗುಪಟ್ಣದ ದಂಡೆ ಪೊರಂಬೋಕು, ಅಂದರೆ ಯಾರ ಹೆಸರಿನಲ್ಲೂ ಇಲ್ಲದ ಸರಕಾರಿ ಜಾಗ. ಮರದ ಕಂಪೆನಿಯೊಂದು ದಿಮ್ಮಿ ಇಳಿಸಿ ರಾಶಿ ಹಾಕಲು ಅದನ್ನು ಗುತ್ತಿಗೆಗೆ ಕೇಳಿದೆ. ತಕರಾರು ಇದ್ದವರು ಬಂದು ಹೇಳಬಹುದು.

‘ಯಾರ ಹೆಸರಿನಲ್ಲೂ ಇಲ್ಲದ್ದೊ?’ ಗಿರಿಯಪ್ಪನಿಗೆ ನಗು ಬಂತು. ‘ಕಟ್ಟೆ ಕಾಣುವುದಿಲ್ಲವೊ ಅವರಿಗೆ?’

ಉಳಿದವರು ನಗಲಿಲ್ಲ. ದಂಡೆ ಹೋದರೆ ದೋಣಿ ಎಳೆದಿಡುವುದೆಲ್ಲಿ, ರಂಪಣಿ ಬಲೆ ಎಳೆಯುವುದೆಲ್ಲಿ, ಬೂತಾಯಿ ಮೀನು ಒಣಗಿಸುವುದೆಲ್ಲಿ? ಬಡಗಕ್ಕೆ ಹೋದರೆ ಬರೀ ಕಲ್ಲು, ತೆಂಕಕ್ಕೆ ಬಂದರು. ಊರು ಉಳಿಯಬೇಕಾದರೆ ದಂಡೆ ಉಳಿಯಬೇಕು.

ಮಣ್ಣಗುಡ್ಡದಲ್ಲಿ ಲೋಕನಾಥನಿಗೆ ಗುರುತಿನ ವಕೀಲರೊಬ್ಬರಿದ್ದರು. ‘ಹಳೆಯ ಕಾಗದ ನೋಡದೆ ನಾನು ಎಂತ ಹೇಳಲಿ? ನನ್ನ ಗುಮಾಸ್ತನ ಜೊತೆ ಹೋಗಿ ರಿಕಾರ್ಡು ರೂಮು ಹುಡುಕಿಸು’ ಎಂದರು. ಲೋಕನಾಥ ಶಾಲೆಗೆ ರಜೆ ಹಾಕಿ ಹೋದ. ಮೈತುಂಬ ಧೂಳು ಹೊತ್ತು ಸಂಜೆಗೆ ಬಂದಾಗ ಅಕ್ಕು ಮನೆಮುಂದೆ ಬಂಗುಡೆ ಕೊಯ್ಯುತ್ತಿದ್ದಳು. ಬಾವನೂ ಸುದ್ದಿ ಕೇಳಲು ಬಂದು ಕುಳಿತಿದ್ದ.

‘ಎಲ್ಲ ಉಂಟು ಮಾವ ಅಲ್ಲಿ. ಮಾಡಿನ ತನಕ ಕೆಂಪು ಬಟ್ಟೆಯ ಗಂಟುಗಳು. ಯಾವ ಗಾಳಿಗೆ ಯಾರ ಮಂಜಿ ಹಡಗು ಮುಳುಗಿತು, ಅದರಲ್ಲಿ ಎಂತೆಂತ ಸಾಮಾನು ಇತ್ತು, ದೀಪದ ಕಂಬಕ್ಕೆ ಎಣ್ಣೆ ತಂದವ ಯಾರು, ಎಲ್ಲ. ಯಾರೋ ದೊರೆಯ ಕುದುರೆ ಹಡಗಿನಿಂದ ಇಳಿಯುವಾಗ ಕಾಲು ಮುರಿದದ್ದು ಸಹ ಉಂಟು. ಕುದುರೆಯ ಹೆಸರು ಸಹ ಬರೆದಿದ್ದಾರೆ.’

‘ನಮ್ಮದು?’ ಅಕ್ಕು ಕೇಳಿದಳು.

‘ನಮ್ಮದು ಒಂದೇ ಮಾತು ಉಂಟು.’

ಅವನು ನಕಲು ಬಿಡಿಸಿ ಓದಿದ. ‘ಮೀನುಗಾರರ ಗುರಿಕಾರ ಗಿರಿಯಪ್ಪ ಎಂಬವನು ಹಾಜರಾಗಿ, ಸದರಿ ಮರಳುದಂಡೆಯು ತಮ್ಮದಲ್ಲವೆಂತಲೂ ಅದರ ಮೇಲೆ ತಮಗೆ ಯಾವ ಹಕ್ಕೂ ಇಲ್ಲವೆಂತಲೂ ಸ್ವಸಂತೋಷದಿಂದ ಹೇಳಿ ಹೆಬ್ಬೆಟ್ಟು ಒತ್ತಿರುತ್ತಾನೆ.’

ಅಕ್ಕುವಿನ ಕತ್ತಿ ನಿಂತಿತು. ‘ನೀನು ಹಾಗೆ ಹೇಳಿದ್ದೀಯೊ ಅಣ್ಣ?’

‘ಹೇಳಿದ್ದೇನೆ’ ಎಂದ ಗಿರಿಯಪ್ಪ. ಅವನಿಗೆ ಎಲ್ಲ ನೆನಪಿತ್ತು.

ಯಾವ ಜಾಗ ಯಾರದ್ದೆಂದು ಅಳೆದು ಬರೆಯಲು ಸರ್ವೆಯವರು ಬಂದದ್ದು ಅವನಿಗೆ ಪಟ್ಟವಾದ ಹೊಸತರಲ್ಲಿ. ಮೀಸೆ ಇನ್ನೂ ಕಪ್ಪು, ತಲೆಯ ಮೇಲೆ ಮಾವನ ಕೆಂಪು ಮುಂಡಾಸು. ಹೊನ್ನೆಮರದ ನೆರಳಿನಲ್ಲಿ ಸಾಹೇಬರ ಕುರ್ಚಿ, ಪಕ್ಕದಲ್ಲಿ ಬರೆಯುವ ಗುಮಾಸ್ತ. ಮೊದಲು ಬಂದ ತೋಟದವರು ಮರ ಮರವನ್ನೂ ಮುಟ್ಟಿ ಮುಟ್ಟಿ ‘ನಮ್ಮದು, ನಮ್ಮದು’ ಎಂದಿದ್ದರು. ಬಾವನ ಅಜ್ಜ ಗೋದಾಮಿನ ಬಾಗಿಲಲ್ಲಿ ಕಾಲು ಅಡ್ಡ ಇಟ್ಟು ನಿಂತು ಅದನ್ನೇ ಅಂದಿದ್ದ. ಅವರನ್ನೆಲ್ಲ ನೋಡಿ ಹೊಸ ಗುರಿಕಾರನಿಗೆ ನಾಚಿಕೆಯಾಗಿತ್ತು. ದೈವದ ಕಣ್ಣೆದುರು ಇಷ್ಟು ಆಸೆಯೆ? ಅವನ ಸರದಿ ಬಂದಾಗ ಗುಮಾಸ್ತ ಕೇಳಿದ್ದ, ‘ಈ ದಂಡೆ ಯಾರದ್ದು?’

‘ಬೊಬ್ಬರ್ಯಂದು.’

‘ಅವ ಯಾರು? ಬದುಕಿದ್ದಾನೊ?’

ಹಿಂದೆ ನಿಂತ ಹೆಂಗಸರು ನಕ್ಕಿದ್ದರು. ‘ಅವನಿಂದ ನಾವು ಬದುಕಿದ್ದೇವೆ’ ಎಂದು ಗಿರಿಯಪ್ಪ ಕೈಮುಗಿದಿದ್ದ.

‘ಹಾಗಾದರೆ ನಿಮ್ಮದಲ್ಲ?’

‘ಅಲ್ಲ ಸ್ವಾಮಿ. ಹಾಗೆ ಹೇಳಬಾರದು. ನಮಗೆ ಇದರಲ್ಲಿ ಯಾವ ಹಕ್ಕೂ ಇಲ್ಲ.’

ಆ ಮಾತು ಆಡುವಾಗ ಅವನ ಎದೆ ತುಂಬಿ ಬಂದಿತ್ತು, ಪುರಾಣದ ಪದ್ಯದೊಳಗೆ ತಾನೇ ನಿಂತಂತೆ. ಒತ್ತಿದ ಹೆಬ್ಬೆಟ್ಟಿನ ಮಸಿ ಒರಸಿಕೊಂಡು, ಸಾಹೇಬರ ಅಡುಗೆಯವನಿಗೆ ಒಂದು ಬುಟ್ಟಿ ಒಳ್ಳೆಯ ಮೀನನ್ನೂ ಕಳಿಸಿದ್ದ. ಊರೆಲ್ಲ ಹೊಗಳಿತ್ತು. ‘ಗಟ್ಟಿ ಗುರಿಕಾರ, ದೈವದ ಮರ್ಯಾದೆ ಕಾದ’ ಎಂದು.

‘ದೈವದ ಹೆಸರು ಹೇಳಿದ್ದೇನೆ ಮಗ. ಮೊದಲು ಹೇಳಿದ್ದೇ ಅದನ್ನು’ ಎಂದ ಈಗ.

‘ಅದನ್ನು ಬರೆದಿಲ್ಲ ಮಾವ.’

‘ಬರೆದಿಲ್ಲ ಅಂದರೆ? ಅವ ಬರೆಯುವಾಗ ನಾನು ನೋಡಿದ್ದೇನಲ್ಲ.’

‘ನೋಡಿದ್ದೀರಿ’ ಎಂದ ಲೋಕನಾಥ. ಮುಂದಿನ ಮಾತನ್ನು ಅವನು ಹೇಳಲಿಲ್ಲ, ಗಿರಿಯಪ್ಪನಿಗೆ ಕೇಳಿಸಿತು.

ಬಾವ ಎಲೆಯಡಿಕೆ ಉಗುಳಿ ಬಂದ. ‘ನಮ್ಮಜ್ಜ ಆವತ್ತು ಮೂರು ಸಲ ನಮ್ಮದು ಅಂದದ್ದಂತೆ ಗುರಿಕಾರ್ರೆ. ಎರಡು ಸಲ ಹೇಳಿದರೆ ಬರೆಯುವವನಿಗೆ ಕೇಳುವುದಿಲ್ಲ ಅಂತ.’

ವಕೀಲರು ನಕಲನ್ನು ತಿರುಗಿಸಿ ಮುರುಗಿಸಿ ನೋಡಿದರು. ದೈವದ ಹೆಸರಾದರೂ ಇದ್ದಿದ್ದರೆ ದೈವವನ್ನೇ ಮುಂದೆ ನಿಲ್ಲಿಸಿ ವಾದ ಮಾಡಬಹುದಿತ್ತು. ಈಗ ದಾರಿ ಒಂದೇ.

‘ಅನಾದಿಯಿಂದ ದಂಡೆ ನಮ್ಮದು, ನಮ್ಮ ಹಿರಿಯರದ್ದು ಅಂತ ನೀವು ಹೇಳಬೇಕು ಗಿರಿಯಪ್ಪ. ಬೇರೆಯವರು ಹೇಳಿದರೆ ನಡೆಯುವುದಿಲ್ಲ, ಹೆಬ್ಬೆಟ್ಟು ನಿಮ್ಮದು. ಆವತ್ತು ತಿಳಿಯದೆ ಹೇಳಿದೆ ಅಂದರೆ ಮುಗೀತು. ಎಲ್ಲಿ, ಒಂದು ಸಲ ಹೇಳಿ ನೋಡುವ.’

ಗಿರಿಯಪ್ಪ ಕಾಲಿನ ಕೆಳಗೆ ನೋಡಿದ. ಮಣ್ಣಗುಡ್ಡದ ಕೆಂಪು ನೆಲ. ‘ನಮ್ಮದು’ ಎಂದ.

‘ಇನ್ನೇನು ಕಷ್ಟ?’

‘ಇಲ್ಲಿ ಕಷ್ಟ ಇಲ್ಲ ವಕೀಲ್ರೆ. ಕಚೇರಿಯಲ್ಲಿ ಸಹ ಹೇಗಾದರೂ ಹೇಳ್ತೇನೆ.’

ಕಚೇರಿಯಲ್ಲೇ ವಿಚಾರಣೆ ಎಂದಿತ್ತು. ಅಷ್ಟರಲ್ಲಿ ಹೊಸದಾಗಿ ಬಂದ ಅಧಿಕಾರಿಗೆ ಒಂದು ಒಳ್ಳೆಯ ಬುದ್ಧಿ ಹುಟ್ಟಿತು: ಮುದುಕನನ್ನು ಕಚೇರಿಯ ಗುಡ್ಡ ಹತ್ತಿಸುವುದೇಕೆ, ತಾನೇ ದಂಡೆಗೆ ಹೋಗಿ ಎಲ್ಲವನ್ನೂ ಕಣ್ಣಾರೆ ನೋಡಿ ಅಲ್ಲೇ ಹೇಳಿಕೆ ಬರೆಸಿಕೊಳ್ಳುತ್ತೇನೆ. ಲೋಕನಾಥ ಕುಣಿಯುವಷ್ಟು ಸಂತೋಷದಿಂದ ಸುದ್ದಿ ತಂದ. ಗಿರಿಯಪ್ಪ ಕುಳಿತಲ್ಲಿಂದ ಎದ್ದ.

‘ದಂಡೆಯ ಮೇಲೆಯೊ?’

‘ದೋಣಿ, ಬಲೆ, ಕಟ್ಟೆ ಎಲ್ಲ ಅವರು ನೋಡ್ತಾರೆ ಮಾವ. ಇದಕ್ಕಿಂತ ಒಳ್ಳೆಯದು ಎಂತ ಬೇಕು?’

‘ದಂಡೆಯ ಮೇಲೆ ನಿಂತು ಹೇಳುವುದೊ?’

ಬಡಿಸಿದ ಅನ್ನವನ್ನು ಅವನು ಹಾಗೆಯೇ ಬಿಟ್ಟ. ಅಕ್ಕು ಮೊದಲು ಬೈದಳು, ಮತ್ತೆ ಉಪಾಯ ಹೇಳಿದಳು. ‘ಕಟ್ಟೆಯಲ್ಲಿ ಅಪ್ಪಣೆ ಕೇಳು. ಅವನೇನು ನಮ್ಮನ್ನು ನುಂಗ್ತಾನೊ?’

‘ಕೇಳಬೇಡಿ’ ಎಂದ ಬಾವ. ‘ಕೇಳಿದರೆ ಬೇಡ ಅಂದರೂ ಅನ್ನಬಹುದು. ಕೇಳದಿದ್ದರೆ ಬೇಡ ಅಂದ ಹಾಗೆ ಆಗುವುದಿಲ್ಲ. ನಿಮ್ಮ ದೈವದ ಅಪ್ಪ ನಮ್ಮ ಕಡೆಯವ ಅಂತ ನಿಮ್ಮ ಹೆಂಗಸರೇ ಹಾಡ್ತಾರಲ್ಲ, ಹಡಗಿನ ವ್ಯಾಪಾರಿ ಅಂತ. ವ್ಯಾಪಾರದ ಮನೆಯ ಹುಡುಗನಿಗೆ ಇದೆಲ್ಲ ಅರ್ಥ ಆಗ್ತದೆ ಮಾರಾಯ್ರೆ.’

‘ಹಾಗಾದರೆ ದೋಣಿಯೊಳಗೆ ನಿಂತು ಹೇಳು’ ಎಂದಳು ಅಕ್ಕು. ‘ದೋಣಿ ನಮ್ಮದೇ. ಕಾಲು ಮರಳಿಗೆ ತಾಗುವುದು ಬೇಡ.’

ಆ ಮಾತಿನಲ್ಲಿ ಗಿರಿಯಪ್ಪನಿಗೆ ಸ್ವಲ್ಪ ಜೀವ ಬಂತು.

ಅಧಿಕಾರಿ ಬಂದ ದಿನ ಕಡಲು ಎಣ್ಣೆ ಹೊಯ್ದಂತೆ ತಣ್ಣಗಿತ್ತು. ಊರಿಗೆ ಊರೇ ಬಂದು ನಿಂತಿತ್ತು. ಕಂಪೆನಿಯ ವಕೀಲ ಬಿಳಿ ಬೂಟು ಹಾಕಿಕೊಂಡು ಬಂದಿದ್ದ, ಹೆಜ್ಜೆ ಹೆಜ್ಜೆಗೂ ಮರಳು ಕೊಡವುತ್ತಿದ್ದ. ಗಿರಿಯಪ್ಪ ಹಳೆಯ ಮುಂಡಾಸು ಕಟ್ಟಿ, ಎಳೆದಿಟ್ಟ ದೋಣಿಯೊಂದರ ನಡುವೆ ನಿಂತಿದ್ದ. ಅಧಿಕಾರಿ ಚಿಕ್ಕ ಪ್ರಾಯದವರು, ನಯದ ಮಾತು.

‘ಅಜ್ಜ, ಅಲ್ಲೇಕೆ ನಿಂತಿದ್ದೀರಿ? ಬಿಸಿಲು. ಇಲ್ಲಿ ನೆರಳಿಗೆ ಬನ್ನಿ.’

‘ಅಡ್ಡಿಯಿಲ್ಲ ಸ್ವಾಮಿ, ಇಲ್ಲಿಂದಲೇ ಹೇಳ್ತೇನೆ.’

‘ನೀವು ಹೇಳಿದ್ದು ಬರೆಯುವವರಿಗೆ ಕೇಳಿಸಬೇಕಲ್ಲ. ಯಾರಾದರೂ ಅವರನ್ನು ಕೈಹಿಡಿದು ಇಳಿಸಿ.’

ಜವಾನನೊಬ್ಬ ಬಹಳ ಮರ್ಯಾದೆಯಿಂದ ಕೈಹಿಡಿದು ಇಳಿಸಿದ. ಸ್ಟೂಲು ಹಾಕಿಸಿದ್ದು ಹೊನ್ನೆಮರದ ಬುಡದಲ್ಲೇ, ಕಟ್ಟೆಗೆ ಎದುರಾಗಿ. ಗಿರಿಯಪ್ಪ ಕೂರಲಿಲ್ಲ. ಊರಿನ ವಕೀಲರು ಕೇಳಿದರು, ‘ಈ ದಂಡೆ ಯಾರದ್ದು?’

ಗಿರಿಯಪ್ಪ ಅಕ್ಕುವಿನ ಮುಖ ನೋಡಿದ. ಅವಳ ಹಿಂದೆ ಬುಟ್ಟಿ ಸೊಂಟಕ್ಕಿಟ್ಟು ನಿಂತ ಹೆಂಗಸರ ಮುಖಗಳನ್ನು ನೋಡಿದ.

‘ನಮ್ಮದು’ ಎಂದ.

ಗುಂಪಿನಲ್ಲಿ ಒಬ್ಬ ಮುದುಕಿ ಕಣ್ಣು ಮುಚ್ಚಿಕೊಂಡಳು. ಕೆಲವರು ಕಡಲಿನತ್ತ ತಿರುಗಿದರು. ಏನೂ ಆಗಲಿಲ್ಲ. ಅಲೆ ಬಂದಂತೆ ಬಂತು, ಹೋದಂತೆ ಹೋಯಿತು. ಏನೂ ಆಗದೆ ಇದ್ದದ್ದಕ್ಕೇ ಗಿರಿಯಪ್ಪನಿಗೆ ಹೆದರಿಕೆಯಾಯಿತು.

ಬಿಳಿ ಬೂಟಿನ ವಕೀಲ ನಕಲು ಹಿಡಿದು ಮುಂದೆ ಬಂದ. ‘ಆವತ್ತು ನಮ್ಮದಲ್ಲ ಅಂದಿರಿ. ಇವತ್ತು ನಮ್ಮದು ಅಂತೀರಿ. ಯಾವುದು ಸುಳ್ಳು?’

‘ಎರಡೂ ಸುಳ್ಳಲ್ಲ.’

‘ಅದು ಹೇಗೆ?’

ಆವತ್ತು ತಿಳಿಯದೆ ಹೇಳಿದೆ ಅನ್ನಬೇಕು, ಹಾಗೆ ಕಲಿಸಿದ್ದರು. ಆದರೆ ತಿಳಿದೇ ಹೇಳಿದ್ದ. ‘ದಂಡೆ ಬೊಬ್ಬರ್ಯಂದು’ ಎಂದ ಗಿರಿಯಪ್ಪ. ‘ನಾವು ಅವನವರು. ಹಾಗಾಗಿ ನಮ್ಮದು.’

ಅಧಿಕಾರಿ ತಲೆದೂಗಿದರು. ಬಿಳಿ ಬೂಟಿನವ ಮಾತ್ರ ಬಿಡಲಿಲ್ಲ. ‘ಒಂದು ಜಾಗಕ್ಕೆ ಇಬ್ಬರು ಒಡೆಯರಿಲ್ಲ ಅಜ್ಜ. ಅವನದ್ದೊ, ನಿಮ್ಮದೊ? ಇದು ಬೊಬ್ಬರ್ಯಂದಲ್ಲ, ನಮ್ಮದು ಅಂತ ಒಂದು ಸಲ ಹೇಳಿ. ನಾನು ಕಾಗದ ಮಡಚಿಕೊಂಡು ಹೋಗ್ತೇನೆ.’

‘ಹೇಳಿ ಮಾವ’ ಎಂದ ಲೋಕನಾಥ ಮೆಲ್ಲನೆ.

‘ಅಷ್ಟು ಸ್ಪಷ್ಟವಾಗಿ ಹೇಳಿದರೆ ಹಳೆಯದನ್ನು ತಿದ್ದಲು ನನಗೂ ದಾರಿಯಾಗುತ್ತದೆ’ ಎಂದರು ಅಧಿಕಾರಿ. ಅವರ ದನಿಯಲ್ಲಿ ಕಪಟವಿರಲಿಲ್ಲ.

ಕಟ್ಟೆಯ ಮೇಲೆ ಯಾರೋ ಬೆಳಗ್ಗೆ ಇಟ್ಟ ಹೂ ಬಾಡಿತ್ತು. ನಮ್ಮದು ಎಂದು ಬಾಯಿಯನ್ನು ಒಮ್ಮೆ ಹೊಲಸು ಮಾಡಿಕೊಂಡದ್ದಾಯಿತು, ಅದನ್ನು ಹೇಗಾದರೂ ತೊಳೆದುಕೊಳ್ಳಬಹುದು. ಬೊಬ್ಬರ್ಯನದ್ದಲ್ಲ ಎಂದು ಅವನ ಮುಖಕ್ಕೆ ಹೇಳಿದ ಮೇಲೆ ತೊಳೆಯುವ ನೀರು ಯಾವ ಕಡಲಲ್ಲಿ ಉಂಟು? ಊರು ಕಾಯುತ್ತಿತ್ತು. ಬರೆಯುವವನ ಲೇಖನಿ ಕಾಯುತ್ತಿತ್ತು.

‘ಆವತ್ತು ಹೇಳಿದ್ದೇ ಸರಿ’ ಎಂದ ಗಿರಿಯಪ್ಪ. ‘ನಮ್ಮದಲ್ಲ.’

ಊರಿನ ವಕೀಲರು ಕೊಡೆ ಬಿಡಿಸಿ ರಸ್ತೆಯ ಕಡೆ ನಡೆದುಬಿಟ್ಟರು. ಅಧಿಕಾರಿ ಮುದುಕನ ಭಕ್ತಿಗೆ ತಮ್ಮಿಂದಾದದ್ದನ್ನು ಮಾಡಿದರು. ಈ ಸಲದ ಬರಹದಲ್ಲಿ ದೈವದ ಹೆಸರಿತ್ತು: ‘ಬೊಬ್ಬರ್ಯ ಎಂಬ ಭೂತದ ಕಟ್ಟೆ ಒಂದು, ಹಾಗೂ ಅದನ್ನು ಸುತ್ತು ಬರಲು ಬೇಕಾಗುವಷ್ಟು ನೆಲ’ ಗುತ್ತಿಗೆಗೆ ಸೇರುವುದಿಲ್ಲ. ಪೂಜೆಯ ದಿನ ಊರವರನ್ನು ಒಳಗೆ ಬಿಡತಕ್ಕದ್ದು. ಗಿರಿಯಪ್ಪ ಹೆಬ್ಬೆಟ್ಟು ಒತ್ತಿದ. ಅದೇ ಬೆರಳು.

ತಂತಿಬೇಲಿ ಬಂತು. ಗೇಟು ಬಂತು, ಗೇಟಿಗೊಬ್ಬ ಕಾವಲುಗಾರ ಬಂದ. ದೋಣಿಗಳನ್ನು ಬಡಗಿನ ಕಲ್ಲುಗಳ ನಡುವೆ ಎಳೆದಿಡಬೇಕಾಯಿತು. ಮೊದಲ ಮಳೆಗಾಲದಲ್ಲೇ ಕೆಲವು ಹಲಗೆ ಒಡೆದು ಹೋದವು. ಮೀನು ಒಣಗಿಸುವ ಜಾಗವಿಲ್ಲದೆ ಹೆಂಗಸರು ಬಂದ ಬೆಲೆಗೆ ಮಾರಿದರು. ಗಂಡಸರು ಒಬ್ಬೊಬ್ಬರಾಗಿ ಕಂಪೆನಿಯ ದಿಮ್ಮಿ ಎಳೆಯುವ ಕೆಲಸಕ್ಕೆ ಸೇರಿದರು. ದೈವ ಮೈಮೇಲೆ ಬರುವ ಪಾತ್ರಿ ತುಕ್ರ ಎಲ್ಲರಿಗಿಂತ ಮೊದಲು ಸೇರಿದ. ಅವನಿಗೆ ಮಕ್ಕಳು ಹೆಚ್ಚು. ಗಿರಿಯಪ್ಪ ದಾರಿಯಲ್ಲಿ ಬಂದರೆ, ‘ಸತ್ಯವಂತರು ಬಂದರು, ದಾರಿ ಬಿಡಿ’ ಎಂದು ಎಳೆಯರು ಬದಿಗೆ ಸರಿಯುತ್ತಿದ್ದರು. ಬಾವ ಒಬ್ಬ ಏನೂ ಅನ್ನುತ್ತಿರಲಿಲ್ಲ. ಹಗ್ಗ ಕೊಳ್ಳುವವರಿಲ್ಲದೆ ಅವನೂ ಅಂಗಡಿಯನ್ನು ಬಂದರಿಗೆ ಸಾಗಿಸಿದ.

ಅಕ್ಕು ಬಹಳ ದಿನ ಅಣ್ಣನಿಗೆ ಮಾತಿಲ್ಲದೆ ಅನ್ನ ಬಡಿಸಿದಳು. ಒಂದು ದಿನ ಬೇಲಿ ಸುತ್ತಿ ಬಂದು ಬುಟ್ಟಿ ಇಳಿಸಿದವಳು ಅವನ ಮುಂದೆ ನಿಂತಳು.

‘ನೀನು ಅಳುತ್ತಾ ಕೇಳ್ತಿದ್ದ ಪದ್ಯದ ಅರಸ ಬಿಟ್ಟದ್ದು ಅವನ ರಾಜ್ಯ ಅಣ್ಣ. ನೀನು ಬಿಟ್ಟದ್ದು ನಮ್ಮ ಹೊಟ್ಟೆ.’

ಗಿರಿಯಪ್ಪ ಭಜನಾ ಮಂದಿರಕ್ಕೆ ಹೋಗುವುದನ್ನು ಬಿಟ್ಟ. ಆದರೂ ಒಳಗೆ ಒಂದು ಮೂಲೆಯಲ್ಲಿ ಸಣ್ಣ ದೀಪ ಉರಿಯುತ್ತಿತ್ತು. ಊರು ತಿಳಿಯದಿದ್ದರೂ ಬೊಬ್ಬರ್ಯನಿಗೆ ತಿಳಿದೀತು. ಯಾರಿಗಾಗಿ ಆ ಮಾತು ಆಡಿದೆನೊ ಅವನು ಕೇಳಿದ್ದಾನೆ, ಕಟ್ಟೆ ಎದುರಿಗೇ ಇತ್ತಲ್ಲ.

ಬೇಸಗೆಯಲ್ಲಿ ಬೊಬ್ಬರ್ಯನಿಗೆ ವರ್ಷಕ್ಕೊಮ್ಮೆ ಕೊಡುವ ತಂಬಿಲ ಸೇವೆ ಬಂತು. ಊರಿನಲ್ಲಿ ಖರ್ಚಿಗೆ ಗತಿಯಿಲ್ಲವೆಂದು ತಿಳಿದು ಕಂಪೆನಿಯ ಮ್ಯಾನೇಜರು ಎಲ್ಲವನ್ನೂ ತಾವೇ ವಹಿಸಿಕೊಂಡರು. ದಿಮ್ಮಿ ಹೊತ್ತ ಹಡಗು ಸುಖವಾಗಿ ಬರಬೇಕಲ್ಲ, ಕಡಲ ದೈವವನ್ನು ಎದುರು ಹಾಕಿಕೊಳ್ಳುವವರು ಯಾರು? ಕಟ್ಟೆಗೆ ಸುಣ್ಣ ಬಳಿಸಿದರು, ಹಿಂದೆಂದೂ ಕಾಣದಷ್ಟು ಅಡಿಕೆಹೂವಿನ ಹಿಂಗಾರ ತರಿಸಿದರು. ಮಧ್ಯಾಹ್ನ ಗೇಟು ತೆರೆಯಿತು. ದಿಮ್ಮಿಗಳ ರಾಶಿಯ ನಡುವಿನ ಓಣಿಯಲ್ಲಿ ಊರವರು ಸಾಲಾಗಿ ನಡೆದು ಕಟ್ಟೆಯ ಮುಂದೆ ನಿಂತರು. ಡೋಲು ಬಡಿಯಿತು. ತುಕ್ರ ನಡುಗಿದ, ಹೂಂಕರಿಸಿದ. ದೈವ ಬಂತು.

ದೈವ ಬಂದರೆ ಮೊದಲ ಗಂಧ ಪ್ರಸಾದ ಗುರಿಕಾರನಿಗೆ. ಗಿರಿಯಪ್ಪ ಮುಂಡಾಸು ಬಿಚ್ಚಿ, ಎರಡು ಕೈ ಜೋಡಿಸಿ ಚಾಚಿ ನಿಂತ. ಪಾತ್ರಿ ಹಿಂಗಾರದ ಎಸಳು, ಗಂಧ ಹಿಡಿದು ಬಂದ. ಅವನೆದುರು ಒಂದು ಗಳಿಗೆ ನಿಂತ. ಆಮೇಲೆ ಅವನನ್ನು ದಾಟಿ ಹೋಗಿ ಮ್ಯಾನೇಜರ ಕೈಯಲ್ಲಿ ಪ್ರಸಾದ ಹಾಕಿದ. ಮ್ಯಾನೇಜರ ಬಳಿಕ ಅವರ ಗುಮಾಸ್ತನಿಗೆ. ಅದಾದ ಮೇಲೆ ಗಿರಿಯಪ್ಪನೆದುರು ತಿರುಗಿ ಬಂದ.

ಕೂಲಿ ಕೊಡುವವನೆಂದು ತುಕ್ರ ಕೊಟ್ಟ ಎಂದು ಯಾರಾದರೂ ಅನ್ನಬಹುದು. ಗಿರಿಯಪ್ಪನಿಗೆ ಹಾಗೆ ಅಂದುಕೊಳ್ಳುವ ಭಾಗ್ಯವಿರಲಿಲ್ಲ. ದೈವ ಬಂದಾಗ ಪಾತ್ರಿ ಪಾತ್ರಿಯಲ್ಲ ಎಂದು ಹುಟ್ಟಿದಂದಿನಿಂದ ನಂಬಿದವನು ಅವನು. ಕೊಟ್ಟದ್ದು ತುಕ್ರನ ಕೈಯಲ್ಲ.

‘ನನ್ನ ಗುರಿಕಾರ’ ಎಂದು ದೈವ ತುಳುವಿನಲ್ಲಿ ಕೂಗಿ ಕೇಳಿತು, ‘ನನ್ನ ಮರಳಿನಲ್ಲಿ ಸಂತೋಷ ಉಂಟಲ್ಲ?’

ಅದಕ್ಕೆ ಉತ್ತರ ಒಂದೇ. ಸಂತೋಷವೇ ಸ್ವಾಮಿ ಎಂದು ಮಾವಂದಿರ ಮಾವಂದಿರು ಹೇಳಿಕೊಂಡು ಬಂದದ್ದು. ಅಕ್ಕು ಹಿಂದಿನಿಂದ ಅವನ ಬೆನ್ನನ್ನು ನೋಡುತ್ತಿದ್ದಳು. ಚಾಚಿದ ಕೈಗಳು ಕೆಳಗಿಳಿದವು.

‘ದಂಡೆಯ ಒಡೆಯರು ಅಲ್ಲಿದ್ದಾರೆ’ ಎಂದ ಗಿರಿಯಪ್ಪ. ‘ಅವರಲ್ಲಿ ಕೇಳಿ.’

ಡೋಲಿನವನ ಕೈ ತಪ್ಪಿತು. ಪಾತ್ರಿಯ ಹೂಂಕಾರ ಅರ್ಧಕ್ಕೇ ನಿಂತಿತು. ಮತ್ತೆ ಅವನು ಮೆಲ್ಲನೆ ಮ್ಯಾನೇಜರ ಕಡೆ ತಿರುಗಿ, ಗಿರಿಯಪ್ಪನನ್ನು ಕೇಳಿದ್ದನ್ನೇ ಅವರನ್ನು ಕೇಳಿದ. ತುಳು ಬಾರದ ಮ್ಯಾನೇಜರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ಅವರ ಕಿವಿಯಲ್ಲಿ ಅರ್ಥ ಹೇಳಿದ.

‘ಸಂತೋಷ, ಸಂತೋಷ’ ಎಂದು ಮ್ಯಾನೇಜರು ನಗುತ್ತ ಕೈಮುಗಿದರು.